ಇಲ್ಲದ ಸ್ವರವನ್ನೂ ಕೇಳಿಸುವ ಮೆದುಳು

ದೂರವಾಣಿಯಲ್ಲಿ ಕೇಳಿಬರುವ ಗಂಡಸಿನ ದನಿ ತಗ್ಗಿನಲ್ಲಿಯೇ ಕೇಳಿಸುತ್ತದೆ. ಇದರಲ್ಲಿ ಅಚ್ಚರಿಪಡುವಂಥದ್ದೇನಿದೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿದರೆ ಅದು ಹಾಗೆ ಕೇಳಿಸಲೇಬಾರದು. ವಯಸ್ಕ ಗಂಡಸರ ಧ್ವನಿತಂತುಗಳು ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 120 ಬಾರಿ ಕಂಪಿಸುತ್ತವೆ. ಹೆಂಗಸರಲ್ಲಿ ಈ ಸಂಖ್ಯೆ 200ರ ಆಸುಪಾಸಿನಲ್ಲಿರುತ್ತದೆ. ದಶಕಗಳ ಕಾಲ ಜಗತ್ತನ್ನೆಲ್ಲ ಬೆಸೆದಿದ್ದ ಸಾಂಪ್ರದಾಯಿಕ ದೂರವಾಣಿ ಜಾಲವು ಸೆಕೆಂಡಿಗೆ ಸುಮಾರು 300ಕ್ಕಿಂತ ಕಡಿಮೆ ಹಾಗೂ 3,400ಕ್ಕಿಂತ ಹೆಚ್ಚಿನ ಕಂಪನಗಳನ್ನು ಸಾಗಿಸುತ್ತಿರಲಿಲ್ಲ. ಅಂದರೆ ಮಾತನಾಡುವವರ ಧ್ವನಿಯ ಮೂಲ ಕಂಪನವು ಕೇಳುವವರ ಕಿವಿಯನ್ನು ತಲುಪುತ್ತಲೇ ಇರಲಿಲ್ಲ. ಹೀಗಿದ್ದೂ ಯಾರ ದನಿಯೂ ಏರಿದಂತೆ ಕೇಳಿಸಲಿಲ್ಲ. ತಗ್ಗಿನ ದನಿ ತಗ್ಗಿನಲ್ಲಿಯೇ ಉಳಿಯಿತು.

ಕಿವಿಗೆ ಬಾರದ ಸ್ವರವನ್ನು ಕೇಳಿಸಿದವರು ಯಾರು? ಈ ಪ್ರಶ್ನೆಗೆ ವಿಜ್ಞಾನಿಗಳು ನೂರಾಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಇಲ್ಲಿಯವರೆಗೆ ದೊರೆತಿರುವ ಉತ್ತರದ ತಿರುಳು ಇಷ್ಟು: ಸ್ವರವು ಗಾಳಿಯಲ್ಲಿ ಸಿದ್ಧವಾಗಿ ತೇಲಿಬರುವ ವಸ್ತುವಲ್ಲ. ಕಿವಿ ಕಳುಹಿಸುವ ಸುಳಿವುಗಳನ್ನು ಜೋಡಿಸಿ ಮೆದುಳು ಅದನ್ನು ರೂಪಿಸಿಕೊಳ್ಳುತ್ತದೆ. ಸಂಗೀತದ ಆಸ್ವಾದನೆಯಷ್ಟೇ ಅಲ್ಲ, ಕಿವುಡುತನಕ್ಕೆ ಇಂದು ನೀಡಲಾಗುತ್ತಿರುವ ಚಿಕಿತ್ಸೆಯ ಯಶಸ್ಸು ಮತ್ತು ಮಿತಿಗಳೂ ಇದೇ ಸಂಗತಿಯನ್ನು ಅವಲಂಬಿಸಿವೆ.

ಕಂಪನವೇ ಬೇರೆ, ಶ್ರುತಿಯೇ ಬೇರೆ

ವಸ್ತುವೊಂದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬ ಎಣಿಕೆಗೆ ಕಂಪನಾಂಕ ಎಂದು ಹೆಸರು. ಅದರ ಮಾನ ಹರ್ಟ್ಸ್. ಯೌವನದ ಆರೋಗ್ಯವಂತ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದಗಳನ್ನು ಗ್ರಹಿಸಬಲ್ಲದು. ಕಂಪನಾಂಕವನ್ನು ಯಂತ್ರದಿಂದ ಅಳೆಯಬಹುದು. ಆದರೆ ಸ್ವರವೊಂದು ಮೇಲಿದೆ ಅಥವಾ ಕೆಳಗಿದೆ ಎಂಬ ಅನುಭವವನ್ನು, ಅಂದರೆ ಶ್ರುತಿಯನ್ನು, ಹೇಳಬಲ್ಲವನು ಕೇಳುಗ ಮಾತ್ರ.

ಇವೆರಡೂ ಒಂದೇ ಅಲ್ಲದಿರಲು ಕಾರಣವಿದೆ. ಪ್ರಕೃತಿಯಲ್ಲಿ ಒಂಟಿ ಕಂಪನ ಅಪರೂಪ. ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿದಾಗ ಅದು 100 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ ಎಂದಿಟ್ಟುಕೊಳ್ಳೋಣ. ಅದೇ ಕ್ಷಣದಲ್ಲಿ ಅದೇ ತಂತಿ 200, 300, 400, 500 ಹೀಗೆ ನೂರರ ಗುಣಕಗಳಲ್ಲಿಯೂ ಕಂಪಿಸುತ್ತಿರುತ್ತದೆ. ಮೊದಲನೆಯದು ಮೂಲಸ್ವರ, ಉಳಿದವು ಅದರ ಉಪಸ್ವರಗಳು. ಇವುಗಳಲ್ಲಿ 200 ಎಂಬುದು ಮಧ್ಯ ಷಡ್ಜ, 300 ಪಂಚಮ, 400 ತಾರ ಷಡ್ಜ, 500 ಅಂತರ ಗಾಂಧಾರ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿಯೇ ಕೇಳಿಬರುತ್ತದೆ ಎಂದು ಸಂಗೀತಗಾರರು ಹೇಳುವುದು ಈ ಐದನೆಯ ಕಂಪನವನ್ನೇ. ಕುದುರೆಯ ಮೇಲೆ ತಂತಿಯಡಿ ಇರಿಸುವ ನೂಲಿನ ಎಳೆ ಉಪಸ್ವರಗಳಿಗೆ ಕಸುವು ತುಂಬುತ್ತದೆ. ಇಷ್ಟೆಲ್ಲ ಕಂಪನಗಳು ಒಟ್ಟಿಗೆ ಕಿವಿಗೆ ಬಿದ್ದರೂ ಸಾಮಾನ್ಯ ಕೇಳುಗನಿಗೆ ಕೇಳಿಸುವುದು ಹಲವು ಸ್ವರಗಳ ಗುಂಪಲ್ಲ, ಒಂದೇ ಒಂದು ಷಡ್ಜ.

ಮೆದುಳಿಗೆ ಈ ಕ್ರಮಬದ್ಧ ವಿನ್ಯಾಸ ಎಷ್ಟು ಮುಖ್ಯ ಎಂಬುದಕ್ಕೆ ಚರ್ಮವಾದ್ಯಗಳು ಒಳ್ಳೆಯ ನಿದರ್ಶನ. ಬಿಗಿದ ಸಾದಾ ಚರ್ಮದ ಕಂಪನಗಳು ಪೂರ್ಣ ಗುಣಕಗಳಲ್ಲಿ ಇರುವುದಿಲ್ಲ. ಮೂಲ ಕಂಪನ 100 ಎಂದಾದರೆ ಮುಂದಿನವು ಸುಮಾರು 159, 214, 230 ಹೀಗೆ ಅಡ್ಡಾದಿಡ್ಡಿಯಾಗಿ ಸಾಗುತ್ತವೆ. ಆದ್ದರಿಂದಲೇ ಎಷ್ಟೋ ಬಗೆಯ ಡೋಲುಗಳಲ್ಲಿ ಗಟ್ಟಿಯಾದ ಸದ್ದಿದ್ದರೂ ನಿಖರವಾದ ಸ್ವರ ಹುಟ್ಟುವುದಿಲ್ಲ. ಮೃದಂಗ ಮತ್ತು ತಬಲಾಗಳ ಬಲಮುಖದ ನಡುವೆ ಇರುವ ಕಪ್ಪು ಲೇಪವು ಈ ಕಂಪನಗಳನ್ನು ಬಹುಮಟ್ಟಿಗೆ ಪೂರ್ಣ ಗುಣಕಗಳ ಸಾಲಿಗೆ ತರುತ್ತದೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಸರ್ ಸಿ.ವಿ. ರಾಮನ್. ಬೆಂಗಳೂರಿಗೆ ಬರುವುದಕ್ಕೆ ಬಹಳ ಮೊದಲು, ಕಲ್ಕತ್ತೆಯಲ್ಲಿದ್ದಾಗ, ಶಿವಕಾಳಿ ಕುಮಾರ್ ಅವರೊಂದಿಗೆ ನಡೆಸಿದ ಈ ಅಧ್ಯಯನ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೃದಂಗವನ್ನು ಗಾಯಕನ ಷಡ್ಜಕ್ಕೆ ಕೂಡಿಸಲು ಸಾಧ್ಯವಾಗಿರುವುದು ಈ ಲೇಪದಿಂದ. ವಾದ್ಯ ತಯಾರಿಸುವ ಕುಶಲಕರ್ಮಿಗಳು ಮೆದುಳು ಬಯಸುವ ವಿನ್ಯಾಸವನ್ನು ವಿಜ್ಞಾನಕ್ಕಿಂತ ಶತಮಾನಗಳ ಮೊದಲೇ ಕಂಡುಕೊಂಡಿದ್ದರು.

ಕಿವಿಯೊಳಗಿನ ಎರಡು ಲೆಕ್ಕಗಳು

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಅಂಗವೇ ಕಾಕ್ಲಿಯಾ. ಬಿಡಿಸಿ ಹಾಸಿದರೆ ಅದರ ಉದ್ದ ಸುಮಾರು 35 ಮಿಲಿಮೀಟರ್. ಅದರೊಳಗೆ ಉದ್ದಕ್ಕೂ ಒಂದು ತೆಳುಪೊರೆ ಹರಡಿಕೊಂಡಿದೆ. ಬುಡದಲ್ಲಿ ಈ ಪೊರೆ ಕಿರಿದಾಗಿ ಬಿಗಿಯಾಗಿರುತ್ತದೆ, ತುದಿಯತ್ತ ಸಾಗಿದಂತೆ ಅಗಲವಾಗಿ ಸಡಿಲಗೊಳ್ಳುತ್ತದೆ. ಕೀಚಲು ಶಬ್ದಗಳು ಬುಡವನ್ನೂ ತಗ್ಗಿನ ಶಬ್ದಗಳು ತುದಿಯನ್ನೂ ಹೆಚ್ಚಾಗಿ ಅಲುಗಿಸುತ್ತವೆ. ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥದ್ದೊಂದು ವ್ಯವಸ್ಥೆಯನ್ನು ಊಹಿಸಿದ್ದರು. ಮೃತದೇಹಗಳ ಕಿವಿಯಲ್ಲಿ ಪೊರೆಯ ಮೇಲೆ ಅಲೆಯೊಂದು ಸಾಗುವುದನ್ನು ಕಣ್ಣಾರೆ ಕಂಡು ವಿವರಿಸಿದ ಹಂಗೇರಿ ಮೂಲದ ಜಾರ್ಜ್ ಫಾನ್ ಬೆಕೆಶಿ 1961ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಪೊರೆಯ ಮೇಲೆ ಸಾಲಾಗಿ ನಿಂತಿರುವ ರೋಮಕೋಶಗಳು ಅಲುಗಾಟವನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುತ್ತವೆ. ಮೆದುಳಿಗೆ ಮುಖ್ಯವಾಗಿ ಸುದ್ದಿ ಮುಟ್ಟಿಸುವ ಒಳಸಾಲಿನ ಕೋಶಗಳು ಪ್ರತಿ ಕಿವಿಯಲ್ಲಿ ಕೇವಲ 3,500ರಷ್ಟಿವೆ. ಯಾವ ಜಾಗದ ಕೋಶ ಎಚ್ಚೆತ್ತಿತು ಎಂಬುದು ಮೆದುಳಿಗೆ ದೊರೆಯುವ ಮೊದಲ ಸುಳಿವು.

ಎರಡನೆಯ ಸುಳಿವು ಕಾಲದ್ದು. ಶ್ರವಣ ನರದ ಎಳೆಗಳು ಕಂಪನದ ತಾಳಕ್ಕೆ ಸರಿಯಾಗಿ ಮಿಡಿಯುತ್ತವೆ. ಒಂದು ನರದ ಎಳೆ ಸೆಕೆಂಡಿಗೆ ಕೆಲವು ನೂರು ಬಾರಿಗಿಂತ ಹೆಚ್ಚು ಮಿಡಿಯಲಾರದು. ಹಾಗಾದರೆ ಸಾವಿರ ಹರ್ಟ್ಸ್‌ನ ಸ್ವರದ ತಾಳವನ್ನು ಅದು ಹಿಡಿಯುವುದು ಹೇಗೆ? ಒಂದೇ ಒರಳಿಗೆ ಮೂವರು ಹೆಂಗಸರು ಸರದಿಯಂತೆ ಒನಕೆ ಹಾಕುವುದನ್ನು ನೆನಪಿಸಿಕೊಂಡರೆ ಉತ್ತರ ದೊರೆಯುತ್ತದೆ. ಒಬ್ಬೊಬ್ಬರ ಪೆಟ್ಟು ನಿಧಾನವಾಗಿದ್ದರೂ ಒಟ್ಟು ಪೆಟ್ಟುಗಳು ಬಿರುಸಾಗಿ ಬೀಳುತ್ತವೆ. ನರದ ಎಳೆಗಳೂ ಹೀಗೆಯೇ ಸರದಿ ಹಂಚಿಕೊಳ್ಳುತ್ತವೆ ಎಂಬ ವಾದವನ್ನು ಅಮೆರಿಕದ ಅರ್ನೆಸ್ಟ್ ವೀವರ್ ಮತ್ತು ಚಾರ್ಲ್ಸ್ ಬ್ರೇ 1930ರ ದಶಕದಲ್ಲಿ ಮುಂದಿಟ್ಟರು. ಸುಮಾರು 4,000ದಿಂದ 5,000 ಹರ್ಟ್ಸ್ ದಾಟಿದ ಮೇಲೆ ಈ ತಾಳಬದ್ಧತೆ ತಪ್ಪಿಹೋಗುತ್ತದೆ ಎಂಬುದು ಪ್ರಚಲಿತ ಅಭಿಪ್ರಾಯ. ಅದಕ್ಕಿಂತ ಮೇಲಿನ ಶಬ್ದಗಳು ಕೇಳಿಸುತ್ತವೆಯಾದರೂ ಅವುಗಳಿಂದ ರಾಗ ಕಟ್ಟುವುದು ಕಷ್ಟ. ಪಿಯಾನೊದ ಕಟ್ಟಕಡೆಯ ಮನೆ 4,186 ಹರ್ಟ್ಸ್‌ನಲ್ಲಿ ನಿಂತುಬಿಡುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಹಳೆಯ ಜಗಳ, ಹೊಸ ತೀರ್ಪು

ಇಲ್ಲದ ಮೂಲಸ್ವರದ ಪ್ರಶ್ನೆ ಮೊದಲು ಎದ್ದದ್ದು ಜರ್ಮನಿಯಲ್ಲಿ. ರಂಧ್ರಗಳುಳ್ಳ ತಟ್ಟೆಯನ್ನು ತಿರುಗಿಸಿ ಗಾಳಿ ಊದಿದಾಗ ಹೊರಡುವ ಶಬ್ದವನ್ನು ಆಗಸ್ಟ್ ಸೀಬೆಕ್ 1841ರಲ್ಲಿ ಪರೀಕ್ಷಿಸಿದರು. ಮೂಲ ಕಂಪನ ತೀರಾ ದುರ್ಬಲವಾಗಿದ್ದಾಗಲೂ ಅದರ ಶ್ರುತಿ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಅವರ ಗಮನಕ್ಕೆ ಬಂತು. ವಿದ್ಯುತ್ ನಿಯಮದಿಂದ ಶಾಲಾ ಮಕ್ಕಳಿಗೂ ಪರಿಚಿತರಾಗಿರುವ ಜಾರ್ಜ್ ಸೈಮನ್ ಓಮ್ ಇದನ್ನು ಒಪ್ಪಲಿಲ್ಲ. ಯಾವ ಶ್ರುತಿ ಕೇಳಿಸುತ್ತದೆಯೋ ಅದೇ ಕಂಪನಾಂಕ ಶಬ್ದದಲ್ಲಿ ಇರಲೇಬೇಕು ಎಂಬುದು 1843ರಲ್ಲಿ ಅವರು ಮಂಡಿಸಿದ ವಾದವಾಗಿತ್ತು. ಮುಂದೆ ಹೆಲ್ಮ್‌ಹೋಲ್ಟ್ಸ್ ಕೂಡ ಓಮ್ ಪಕ್ಷ ವಹಿಸಿದ್ದರಿಂದ ಸೀಬೆಕ್ ಮಾತು ಬಹುಕಾಲ ಮೂಲೆಗೆ ಬಿತ್ತು.

ಸುಮಾರು ನೂರು ವರ್ಷಗಳ ಬಳಿಕ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಯಾನ್ ಸ್ಕೌಟೆನ್ ಮೂಲ ಕಂಪನವನ್ನು ಶಬ್ದದಿಂದ ಸಂಪೂರ್ಣವಾಗಿ ತೆಗೆದುಹಾಕಿದರು. ಶ್ರುತಿ ಬದಲಾಗಲಿಲ್ಲ. ಕಿವಿಯೊಳಗಿನ ವಿರೂಪದಿಂದ ಆ ಕಂಪನ ಮತ್ತೆ ಹುಟ್ಟುತ್ತಿರಬಹುದೇ ಎಂಬ ಸಂದೇಹ ಉಳಿದಿತ್ತು. ಅಮೆರಿಕದ ಜೆ.ಸಿ.ಆರ್. ಲಿಕ್ಲೈಡರ್ 1950ರ ದಶಕದಲ್ಲಿ ತಗ್ಗಿನ ಕಂಪನಗಳ ಜಾಗವನ್ನು ಗದ್ದಲದಿಂದ ಮುಚ್ಚಿಬಿಟ್ಟರು. ಅಲ್ಲಿ ನಿಜವಾದ ಸ್ವರವೊಂದು ಹುಟ್ಟಿದ್ದರೆ ಅದು ಗದ್ದಲದಲ್ಲಿ ಮುಳುಗಿಹೋಗಬೇಕಿತ್ತು. ಆದರೂ ಇಲ್ಲದ ಸ್ವರ ಕೇಳಿಸುತ್ತಲೇ ಇತ್ತು.

ನಿರ್ಣಾಯಕ ಪ್ರಯೋಗ ನಡೆದದ್ದು 1972ರಲ್ಲಿ. ಏಡ್ರಿಯನ್ ಹೌಟ್ಸ್ಮಾ ಮತ್ತು ಜೂಲಿಯಸ್ ಗೋಲ್ಡ್‌ಸ್ಟೈನ್ ಸಂಗೀತಜ್ಞಾನವುಳ್ಳ ಕೇಳುಗರ ಒಂದು ಕಿವಿಗೆ ಒಂದು ಉಪಸ್ವರವನ್ನೂ ಇನ್ನೊಂದು ಕಿವಿಗೆ ಮತ್ತೊಂದು ಉಪಸ್ವರವನ್ನೂ ಮಾತ್ರ ಕೇಳಿಸಿದರು. ಉದಾಹರಣೆಗೆ, ಎಡಗಿವಿಗೆ 400 ಹರ್ಟ್ಸ್, ಬಲಗಿವಿಗೆ 500 ಹರ್ಟ್ಸ್ ಎಂದುಕೊಳ್ಳಬಹುದು. ಯಾವ ಕಿವಿಗೂ 100 ಹರ್ಟ್ಸ್ ಬಿದ್ದಿಲ್ಲ. ಒಂದೇ ಉಪಸ್ವರವಿರುವ ಕಿವಿಗೆ ಅದನ್ನು ಊಹಿಸುವ ದಾರಿಯೂ ಇಲ್ಲ. ಹಾಗಿದ್ದರೂ ಕೇಳುಗರು ಇಂಥ ಮೂಲಸ್ವರಗಳ ನಡುವಿನ ಅಂತರವನ್ನು ಸರಿಯಾಗಿ ಗುರುತಿಸಿದರು. ಎರಡೂ ಕಿವಿಗಳ ಸುದ್ದಿ ಸೇರುವುದು ಕಿವಿಯಿಂದ ಆಚೆಗೆ, ನರಮಂಡಲದಲ್ಲಿ ಮಾತ್ರ. ಸ್ವರ ಹುಟ್ಟಿದ್ದೂ ಅಲ್ಲಿಯೇ ಎಂದಾಯಿತು. ಸೀಬೆಕ್ ಕೊನೆಗೂ ಗೆದ್ದರು.

ಮೆದುಳಿನಲ್ಲಿ ಸ್ವರದ ನೆಲೆ

ಕಿವಿಯಿಂದ ಹೊರಟ ಸಂಕೇತಗಳು ಮೆದುಳುಕಾಂಡದ ಹಲವು ಠಾಣೆಗಳನ್ನು ದಾಟಿ, ಕಿವಿಗಳ ನೇರಕ್ಕೆ ಮೆದುಳಿನ ಎರಡೂ ಪಕ್ಕಗಳಲ್ಲಿರುವ ಶ್ರವಣ ಕೇಂದ್ರಗಳನ್ನು ತಲುಪುತ್ತವೆ. ಅಲ್ಲಿ ಹೆಶಲ್ ಮಡಿಕೆ ಎಂಬ ಚಿಕ್ಕ ಏಣಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ರಾಬರ್ಟ್ ಜಟೋರ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮಹತ್ವವನ್ನು ತೋರಿಸಿತು. ಶಸ್ತ್ರಚಿಕಿತ್ಸೆಯಲ್ಲಿ ಬಲಗಡೆಯ ಈ ಭಾಗವನ್ನು ಕಳೆದುಕೊಂಡಿದ್ದ ರೋಗಿಗಳು ಇಲ್ಲದ ಮೂಲಸ್ವರವನ್ನು ಗ್ರಹಿಸುವಲ್ಲಿ ಎಡವುತ್ತಿದ್ದರು.

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡೇನಿಯಲ್ ಬೆಂಡರ್ ಮತ್ತು ಶಿಯಾವೊಕಿನ್ ವಾಂಗ್ 2005ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಮೆದುಳಿನಲ್ಲಿ ಅವರಿಗೆ ವಿಶಿಷ್ಟ ನರಕೋಶಗಳು ಸಿಕ್ಕವು. ನಿರ್ದಿಷ್ಟ ಕಂಪನಾಂಕದ ಒಂಟಿ ಸ್ವರ ಕೇಳಿಸಿದಾಗ ಮಿಡಿಯುವ ಈ ಕೋಶಗಳು, ಆ ಕಂಪನವೇ ಇಲ್ಲದ ಬರಿಯ ಉಪಸ್ವರಗಳ ಗುಂಪನ್ನು ಕೇಳಿಸಿದಾಗಲೂ ಹಾಗೆಯೇ ಮಿಡಿದವು. ಅಂದರೆ ಅವು ಸ್ಪಂದಿಸುತ್ತಿದ್ದುದು ಕಂಪನಕ್ಕಲ್ಲ, ಶ್ರುತಿಗೆ. ಮನುಷ್ಯರಲ್ಲಿ ಶ್ರುತಿಗೆ ಒಂದೇ ಕೇಂದ್ರವಿದೆಯೋ ಅಥವಾ ಹಲವು ಭಾಗಗಳು ಹೊಣೆ ಹಂಚಿಕೊಂಡಿವೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹುಟ್ಟಿನಿಂದ ಬಂದದ್ದೆಷ್ಟು, ಕಲಿತದ್ದೆಷ್ಟು?

ಈ ಸಾಮರ್ಥ್ಯ ಹುಟ್ಟುವಾಗಲೇ ಪೂರ್ಣವಾಗಿ ಇರುವುದಿಲ್ಲ. ಕೆನಡಾದ ಲಾರೆಲ್ ಟ್ರೇನರ್ ಮತ್ತು ಅವರ ಸಹವರ್ತಿ 2009ರಲ್ಲಿ ಶಿಶುಗಳ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದಾಗ, ಇಲ್ಲದ ಮೂಲಸ್ವರಕ್ಕೆ ಮೂರು ತಿಂಗಳ ಕೂಸುಗಳಲ್ಲಿ ಪ್ರತಿಕ್ರಿಯೆ ಕಾಣಲಿಲ್ಲ. ನಾಲ್ಕು ತಿಂಗಳ ಕೂಸುಗಳಲ್ಲಿ ಕಂಡಿತು. ಆರು ತಿಂಗಳ ಹೊತ್ತಿಗೆ, ಕಲಿತ ಹಾಡನ್ನು ಬೇರೊಂದು ಶ್ರುತಿಯಲ್ಲಿ ಹಾಡಿದರೂ ಮಗು ಅದನ್ನು ಅದೇ ಹಾಡೆಂದು ಗುರುತಿಸುತ್ತದೆ. ಮೆದುಳು ನೆನಪಿಟ್ಟುಕೊಳ್ಳುವುದು ಸ್ವರಗಳ ನಡುವಿನ ಅಂತರವನ್ನೇ ಹೊರತು ಅವುಗಳ ಕಂಪನಾಂಕವನ್ನಲ್ಲ. ಗಾಯಕರು ತಂತಮ್ಮ ಕಂಠಕ್ಕೆ ಒಗ್ಗುವ ಷಡ್ಜವನ್ನು ಆರಿಸಿಕೊಳ್ಳುವ ಭಾರತೀಯ ಸಂಗೀತ ಪದ್ಧತಿ ನಿಂತಿರುವುದು ಈ ಗುಣದ ಮೇಲೆಯೇ. ಯಾವ ಶ್ರುತಿಯಲ್ಲಿ ಹಾಡಿದರೂ ಮೋಹನ ಮೋಹನವೇ.

ಆಧಾರವಿಲ್ಲದೆಯೇ ಸ್ವರದ ಹೆಸರು ಹೇಳಬಲ್ಲವರು ವಿರಳ. ಇಲ್ಲಿಯೂ ಬಾಲ್ಯದ ಪಾತ್ರ ದೊಡ್ಡದು. ಡಯಾನಾ ಡಾಯ್ಚ್ ಮತ್ತು ಸಂಗಡಿಗರು 2006ರಲ್ಲಿ ಬೀಜಿಂಗ್ ಹಾಗೂ ಅಮೆರಿಕದ ಸಂಗೀತ ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ನಾಲ್ಕೈದು ವರ್ಷದ ಎಳವೆಯಲ್ಲಿ ಸಂಗೀತಾಭ್ಯಾಸ ಆರಂಭಿಸಿದವರ ಪೈಕಿ ಚೀನಿಯರಲ್ಲಿ ಸುಮಾರು ಶೇ 60ರಷ್ಟು ಮಂದಿಗೆ ಈ ಶಕ್ತಿ ಇತ್ತು. ಅಮೆರಿಕದಲ್ಲಿ ಸ್ವರಭೇದದಿಂದ ಪದಗಳ ಅರ್ಥ ಬದಲಾಗದ ಭಾಷೆಗಳನ್ನಾಡುವವರಲ್ಲಿ ಅದು ಸುಮಾರು ಶೇ 14 ಮಾತ್ರ. ಒಂದೇ ಅಕ್ಷರವನ್ನು ಬೇರೆ ಬೇರೆ ಸ್ವರಗಳಲ್ಲಿ ಉಚ್ಚರಿಸಿ ಬೇರೆ ಬೇರೆ ಅರ್ಥ ಪಡೆಯುವ ಭಾಷೆಯಲ್ಲಿ ಬೆಳೆದ ಮಕ್ಕಳ ಮೆದುಳು ಶ್ರುತಿಗೆ ಹೆಚ್ಚು ಗಮನ ಕೊಡುವುದನ್ನು ಕಲಿಯುತ್ತದೆ ಎಂಬುದು ಸಂಶೋಧಕರ ವಿವರಣೆ.

ಕೆಲವರಿಗೆ ಹುಟ್ಟಿನಿಂದಲೇ ಸ್ವರಭೇದ ತಿಳಿಯುವುದಿಲ್ಲ. 2017ರ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಇಂಥವರ ಪ್ರಮಾಣ ಸುಮಾರು ಶೇ 1.5. ಅಪಸ್ವರ ಹಾಡುತ್ತಾನೆಂದು ಶಾಲೆಯ ಪ್ರಾರ್ಥನಾ ತಂಡದಿಂದ ಹೊರಗಿಡಲಾದ ಮಕ್ಕಳಲ್ಲಿ ಬಹುತೇಕರು ಈ ಗುಂಪಿಗೆ ಸೇರಿದವರಾಗಿರಲಾರರು. ಅವರಲ್ಲಿ ಅನೇಕರಿಗೆ ಕೇಳುವ ಶಕ್ತಿ ಸರಿಯಾಗಿಯೇ ಇರುತ್ತದೆ, ಗಂಟಲಿನ ಮೇಲಿನ ಹಿಡಿತ ಇನ್ನೂ ಬಂದಿರುವುದಿಲ್ಲ ಅಷ್ಟೆ.

ಮಾತು ಕೇಳಿತು, ಹಾಡು ಕೇಳಲಿಲ್ಲ

ಈ ಸಂಶೋಧನೆಗಳ ಬೆಲೆ ಎದ್ದು ಕಾಣುವುದು ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿಕೊಂಡವರ ಬದುಕಿನಲ್ಲಿ. ರೋಮಕೋಶಗಳು ನಾಶವಾಗಿ ಶ್ರವಣ ಸಾಧನದಿಂದಲೂ ಪ್ರಯೋಜನವಾಗದವರ ಕಾಕ್ಲಿಯಾದೊಳಗೆ ತೆಳುವಾದ ತಂತಿಯನ್ನು ಸೇರಿಸಿ, ನರಕ್ಕೆ ನೇರವಾಗಿ ವಿದ್ಯುತ್ ಮಿಡಿತ ನೀಡುವ ಸಾಧನವಿದು. ಹುಟ್ಟು ಕಿವುಡುತನವಿರುವ ಎಷ್ಟೋ ಮಕ್ಕಳು ಇದರ ನೆರವಿನಿಂದ ಮಾತು ಕಲಿತಿದ್ದಾರೆ, ಸಾಮಾನ್ಯ ಶಾಲೆಗಳಲ್ಲಿ ಓದುತ್ತಿದ್ದಾರೆ.

ಆದರೆ ಸಂಗೀತದ ವಿಷಯದಲ್ಲಿ ಕಥೆ ಬೇರೆ. ಇಂಪ್ಲಾಂಟ್ ಬಳಸುವ ಹಲವರಿಗೆ ತಾಳ ಚೆನ್ನಾಗಿ ತಿಳಿಯುತ್ತದೆ, ಸಾಹಿತ್ಯವೂ ಅರ್ಥವಾಗುತ್ತದೆ, ರಾಗ ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ. ವಯಸ್ಸಾದ ಮೇಲೆ ಕಿವಿ ಕಳೆದುಕೊಂಡು ಇಂಪ್ಲಾಂಟ್ ಹಾಕಿಸಿಕೊಂಡವರಿಗೆ, ಹಿಂದೆ ಮೆಚ್ಚಿ ಕೇಳುತ್ತಿದ್ದ ಹಾಡುಗಳೇ ಅಪರಿಚಿತವಾಗಿ ತೋರುವುದುಂಟು.

ಕಾರಣ ಸ್ಪಷ್ಟ. ಸಹಜ ಕಿವಿಯಲ್ಲಿ 3,500 ಕೋಶಗಳು ಮಾಡುವ ಕೆಲಸಕ್ಕೆ ಇಲ್ಲಿರುವುದು ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡ್‌ಗಳು. ಒಂದರ ವಿದ್ಯುತ್ ಪಕ್ಕದ ಜಾಗಕ್ಕೂ ಹರಡುವುದರಿಂದ ಸ್ಥಳದ ಸುಳಿವು ಮಸುಕಾಗುತ್ತದೆ. ಸಾಧನವು ಶಬ್ದದ ಒಟ್ಟಾರೆ ಏರಿಳಿತವನ್ನು ಮಾತ್ರ ಉಳಿಸಿಕೊಂಡು ಸೂಕ್ಷ್ಮ ಕಂಪನಗಳನ್ನು ಬಹುಮಟ್ಟಿಗೆ ಕೈಬಿಡುವುದರಿಂದ ಕಾಲದ ಸುಳಿವೂ ತಪ್ಪುತ್ತದೆ. ಮಾತಿಗೆ ಈ ನಷ್ಟ ಅಷ್ಟಾಗಿ ತಟ್ಟದು. ಶಬ್ದವನ್ನು ಮೂರು ನಾಲ್ಕು ಪಟ್ಟಿಗಳಾಗಿ ಒಡೆದು ಒಟ್ಟು ಏರಿಳಿತವನ್ನಷ್ಟೇ ಕೇಳಿಸಿದರೂ ನಿಶ್ಶಬ್ದ ವಾತಾವರಣದಲ್ಲಿ ಮಾತು ಅರ್ಥವಾಗುತ್ತದೆ ಎಂದು ರಾಬರ್ಟ್ ಶಾನನ್ ಮತ್ತು ತಂಡ 1995ರಲ್ಲಿ ತೋರಿಸಿತ್ತು. 2002ರಲ್ಲಿ ಅಮೆರಿಕದ ಮೂವರು ಸಂಶೋಧಕರು ಒಂದು ಶಬ್ದದ ಒಟ್ಟು ಏರಿಳಿತಕ್ಕೆ ಇನ್ನೊಂದರ ಸೂಕ್ಷ್ಮ ಕಂಪನವನ್ನು ಕಸಿ ಮಾಡಿ ಕೇಳಿಸಿದಾಗ, ಕೇಳುಗರು ಮಾತನ್ನು ಮೊದಲನೆಯದರಿಂದಲೂ ರಾಗವನ್ನು ಎರಡನೆಯದರಿಂದಲೂ ಗ್ರಹಿಸಿದರು. ಮಾತಿಗೂ ರಾಗಕ್ಕೂ ಮೆದುಳು ಬೇರೆ ಬೇರೆ ಸುಳಿವುಗಳನ್ನು ನೆಚ್ಚಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕಿಲ್ಲ.

ನಷ್ಟ ಹಾಡಿಗೆ ಮಾತ್ರ ಸೀಮಿತವೂ ಅಲ್ಲ. 'ಊಟ ಆಯ್ತು' ಎಂಬ ಎರಡೇ ಪದಗಳನ್ನು ಕೊನೆಯಲ್ಲಿ ದನಿ ಏರಿಸಿ ಹೇಳಿದರೆ ಪ್ರಶ್ನೆ, ಇಳಿಸಿದರೆ ಉತ್ತರ. ವ್ಯಂಗ್ಯ, ಸಿಟ್ಟು, ಅಕ್ಕರೆ ಎಲ್ಲವೂ ದನಿಯ ಏರಿಳಿತದಲ್ಲಿ ಅಡಗಿವೆ. ಶ್ರುತಿಯ ಸುಳಿವು ದುರ್ಬಲವಾದಾಗ ಪದ ತಿಳಿದರೂ ಧೋರಣೆ ತಿಳಿಯದೆ ಹೋಗಬಹುದು. ಚೀನೀ ಭಾಷೆಯಂಥ ಸ್ವರಪ್ರಧಾನ ಭಾಷೆಗಳನ್ನಾಡುವ ಮಕ್ಕಳಿಗೆ ಪದದ ಅರ್ಥವೇ ಕೈತಪ್ಪುವ ಅಪಾಯವಿದೆ. ಗದ್ದಲದ ನಡುವೆ ಒಬ್ಬರ ಮಾತನ್ನು ಬೇರ್ಪಡಿಸಿ ಕೇಳುವುದಕ್ಕೂ ಮೆದುಳು ಶ್ರುತಿಯ ನೆರವು ಪಡೆಯುವುದರಿಂದ, ಮದುವೆ ಮನೆ, ಬಸ್ ನಿಲ್ದಾಣಗಳಂಥ ಕಡೆ ಇಂಪ್ಲಾಂಟ್ ಬಳಸುವವರ ಕಷ್ಟ ಇಮ್ಮಡಿಯಾಗುತ್ತದೆ.

ಪರಿಹಾರದ ದಾರಿಗಳು

ಮೆದುಳು ಕೊರತೆಯನ್ನು ತುಂಬಿಕೊಳ್ಳಬಲ್ಲದು ಎಂಬುದೇ ಇಲ್ಲಿಯ ಭರವಸೆ. ಇಂಪ್ಲಾಂಟ್ ಇಲ್ಲದ ಕಿವಿಯಲ್ಲಿ ತಗ್ಗಿನ ಶಬ್ದಗಳು ಸ್ವಲ್ಪವಾದರೂ ಕೇಳಿಸುತ್ತಿದ್ದರೆ ಅಲ್ಲಿ ಶ್ರವಣ ಸಾಧನ ಬಳಸುವುದರಿಂದ ರಾಗದ ಗ್ರಹಿಕೆ ಸುಧಾರಿಸುತ್ತದೆ. ಸಂಗೀತ ಕೇಳುವ ಕ್ರಮಬದ್ಧ ಅಭ್ಯಾಸವೂ ಸಹಾಯಕ. ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಎಳೆಯ ಮೆದುಳಿಗೆ ಶಬ್ದ ಎಷ್ಟು ಬೇಗ ತಲುಪುತ್ತದೋ ಅಷ್ಟು ಒಳ್ಳೆಯದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕೇಂದ್ರಗಳು ನವಜಾತ ಶಿಶುಗಳ ಶ್ರವಣ ತಪಾಸಣೆಗೆ ಒತ್ತು ನೀಡುತ್ತಿರುವುದು ಇದೇ ಕಾರಣಕ್ಕೆ. ಚಪ್ಪಾಳೆಗೆ ತಿರುಗದ, ತಾಯಿಯ ದನಿಗೆ ಸ್ಪಂದಿಸದ ಕೂಸನ್ನು 'ದೊಡ್ಡದಾದ ಮೇಲೆ ಸರಿಹೋಗುತ್ತದೆ' ಎಂದು ಬಿಟ್ಟುಬಿಡುವುದು ಮೆದುಳಿನ ಕಲಿಕೆಯ ಅಮೂಲ್ಯ ತಿಂಗಳುಗಳನ್ನು ಕಳೆದಂತೆ.

ಕಿವಿ ಚೆನ್ನಾಗಿರುವವರಿಗೂ ಇದರಲ್ಲಿ ಪಾಠವಿದೆ. ಮನುಷ್ಯನ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. 80 ಡೆಸಿಬೆಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳುವುದು ಸುರಕ್ಷಿತವಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ. ಶಬ್ದ ಹೆಚ್ಚಿದಂತೆ ಈ ಅವಧಿ ವೇಗವಾಗಿ ಕುಗ್ಗುತ್ತದೆ. ಇಯರ್‌ಫೋನ್ ಹಾಕಿಕೊಂಡು ಬಸ್ಸು, ಮೆಟ್ರೋಗಳ ಸದ್ದನ್ನೂ ಮೀರಿಸುವಂತೆ ಧ್ವನಿ ಏರಿಸುವವರು ಇದನ್ನು ಮನಗಾಣಬೇಕಿದೆ. ದೂರವಾಣಿ ತಲುಪಿಸದ ಸ್ವರವನ್ನು ಮೆದುಳು ತುಂಬಿಕೊಂಡೀತು, ಏಕೆಂದರೆ ಅದಕ್ಕೆ ಉಪಸ್ವರಗಳ ಸುಳಿವಾದರೂ ಸಿಗುತ್ತಿತ್ತು. ಸುಳಿವು ಹೊತ್ತು ತರುವ ಕೋಶಗಳೇ ಅಳಿದ ಮೇಲೆ ಅದು ತುಂಬಿಕೊಳ್ಳುವುದಾದರೂ ಏನನ್ನು?